ಲಾಂಗ್‌ವುಡ್ ಶೋಲೆಯ ಹಕ್ಕಿಗಳು

ಉದಕಮಂಡಲ ಮತ್ತು ಕೋಟಗಿರಿಯ ನಡುವಿನ ಗುಡ್ಡಗಳಲ್ಲಿ ತುಮ್ಮನಟ್ಟಿಯಂಥ ಬಡಗರ ಹಟ್ಟಿಗಳು, ಚಹಾ ತೋಟಗಳು, ತರಕಾರಿ ಹೊಲಗಳು ಹಬ್ಬಿಕೊಂಡಿವೆ. ಈ ಸೀಮೆಯಲ್ಲಿ ಉಳಿದುಕೊಂಡ ಹಳೆಯ ಕಾಡಿನ ತುಂಡುಗಳಲ್ಲಿ ಒಂದು ಕೋಟಗಿರಿಯ ಲಾಂಗ್‌ವುಡ್ ಶೋಲೆ. ವಿಸ್ತೀರ್ಣ ಸುಮಾರು 116 ಹೆಕ್ಟೇರ್. 2024ರ ಜನವರಿಯಲ್ಲಿ ಕರ್ನಾಟಕದ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆಗಳ ಜೊತೆಗೆ ಇದೂ ಜಗತ್ತಿನ ಮುಖ್ಯ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮಾಗಡಿಯಲ್ಲಿ ಪಟ್ಟೆತಲೆಯ ಹೆಬ್ಬಾತುಗಳನ್ನು ದಡದಲ್ಲಿ ಕೂತು ಎಣಿಸಬಹುದು. ಲಾಂಗ್‌ವುಡ್‌ನಲ್ಲಿ ಅಂಥ ಬಯಲು ನೀರಿಲ್ಲ. ಇಲ್ಲಿನ ನೀರು ಕಾಂಡಕ್ಕೆ ಅಂಟಿದ ಪಾಚಿಯಲ್ಲಿದೆ, ತರಗೆಲೆಯಡಿಯ ಕರಿಮಣ್ಣಿನಲ್ಲಿದೆ, ಸಣ್ಣ ತೊರೆಗಳಲ್ಲಿದೆ. ಮಳೆಯಲ್ಲಿ ಹೀರಿಕೊಂಡದ್ದನ್ನು ಕಾಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಕೆಳಗಿನ ಹಲವು ಹಳ್ಳಿಗಳಿಗೆ ಕುಡಿಯಲು ಇದೇ ನೀರು.

ನೀಲಗಿರಿಯ ಈ ಪೂರ್ವ ಭಾಗಕ್ಕೆ ಹಿಂಗಾರು ಜೋರು. ಅಕ್ಟೋಬರ್, ನವೆಂಬರ್‌ನಲ್ಲಿ ಬೆಳಗು ತಿಳಿಯಾಗಿದ್ದರೂ ಮಧ್ಯಾಹ್ನ ಮಂಜು ಕವಿದು ಮಳೆ ಹಿಡಿಯುವುದುಂಟು. ಹಾಗಾಗಿ ಹಕ್ಕಿ ನೋಡಲು ಬಂದವರು ಬೆಳಕು ಹರಿಯುವ ಮುನ್ನವೇ ಕಾಡಂಚು ಸೇರಿರುವುದು ಒಳ್ಳೆಯದು. ಒಳಗಿನ ಮಬ್ಬಿಗೆ 8×42ರ ಬೈನಾಕ್ಯುಲರ್ ತಕ್ಕದ್ದು. ಅದಕ್ಕಿಂತ ಹೆಚ್ಚು ದೊಡ್ಡದಾಗಿ ತೋರಿಸುವುದು ಕೈನಡುಕವನ್ನೂ ದೊಡ್ಡದಾಗಿ ತೋರಿಸುತ್ತದೆ. ಆದರೂ ಶೋಲೆಯಲ್ಲಿ ಕಣ್ಣಿಗಿಂತ ಮುಂದೆ ಓಡುವುದು ಕಿವಿ.

ಮೊದಲು ಕೇಳುವುದು ಸಾಮಾನ್ಯವಾಗಿ ನೀಲಗಿರಿ ನಗೆಮಲ್ಲನ ಗದ್ದಲ. ಒಂದು ಹಕ್ಕಿ ಕೇಕೆ ಹಾಕಿದರೆ ಹಿಂಡೆಲ್ಲ ದನಿಗೂಡಿಸುತ್ತದೆ. ಕಪ್ಪು ಗಲ್ಲ, ಬಿಳಿ ಹುಬ್ಬು, ಕಂದುಗೆಂಪು ಹೊಟ್ಟೆ. ಹಣ್ಣಿನ ಪೊದೆಯಲ್ಲಿ ಕುಪ್ಪಳಿಸುವಾಗ ಇದನ್ನು ಹತ್ತಿರದಿಂದಲೇ ನೋಡಬಹುದು. ಜಗತ್ತಿನಲ್ಲಿ ಈ ಹಕ್ಕಿಯ ನೆಲೆ ನೀಲಗಿರಿ ಮತ್ತು ಅದರ ಆಸುಪಾಸಿನ ಬೆಟ್ಟಗಳಷ್ಟೇ.

ಶೋಲಕಿಳಿ ಇದಕ್ಕೆ ತದ್ವಿರುದ್ಧ. ತೊರೆಯ ಬದಿಯಲ್ಲಿ ಅಲುಗಾಡದೆ ನಿಂತವರಿಗೆ ಮಾತ್ರ ಅದು ಸಿಗುವುದು. ಪೊದೆಯ ಬುಡದಿಂದ ಉದ್ದ ಕಾಲುಗಳ ಮೇಲೆ ನಾಲ್ಕು ಹೆಜ್ಜೆ ಕುಪ್ಪಳಿಸಿ ನಿಲ್ಲುತ್ತದೆ, ತರಗೆಲೆಯ ಮೇಲಿನ ಹುಳುವನ್ನು ಹೆಕ್ಕುತ್ತದೆ, ಮತ್ತೆ ನಿಲ್ಲುತ್ತದೆ. ಬೆನ್ನು, ಎದೆ ಕರಿನೀಲಿ, ಪಕ್ಕೆಯಲ್ಲಿ ಇಟ್ಟಿಗೆಗೆಂಪು. ಆ ನೀಲಿ ನೆರಳಿನೊಳಗೆ ಕರಗಿ ಹೋಗುವುದರಿಂದ ಮೊದಲು ಗುರುತು ಸಿಗುವುದು ಪಕ್ಕೆಯ ಕೆಂಪೇ. ಸೇನೆಯ ವೈದ್ಯ ಥಾಮಸ್ ಜೆರ್ಡನ್ 1840ರ ದಶಕದಲ್ಲಿ ವಿವರಿಸಿದ ಈ ಹಕ್ಕಿ ಬಹುಕಾಲ ಬೇರೆ ಬೇರೆ ಕುಲಗಳಿಗೆ ಅಲೆದಾಡಿತು. ಕೊನೆಗೆ 2017ರಲ್ಲಿ, ಬೆಂಗಳೂರಿನ ವಿಜ್ಞಾನಿಗಳೂ ಇದ್ದ ತಂಡವೊಂದು ವಂಶವಾಹಿಗಳನ್ನು ಪರೀಕ್ಷಿಸಿ ಇದಕ್ಕೆ ಶೋಲಿಕೋಲ ಎಂಬ ಸ್ವಂತ ಕುಲವನ್ನೇ ಕೊಟ್ಟಿತು. ಶೋಲಕಿಳಿ, ನಗೆಮಲ್ಲ ಎರಡೂ ಅಳಿವಿನಂಚಿನಲ್ಲಿವೆ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ 26 ಹಕ್ಕಿಗಳಲ್ಲಿ 14 ಈ ಪುಟ್ಟ ಕಾಡಿನಲ್ಲಿರುವುದು ನಿಜಕ್ಕೂ ದೊಡ್ಡ ಸಂಪತ್ತು.

ಬಿಸಿಲೇರಿದ ಮೇಲೆ ತಲೆಯೆತ್ತಿ ನೋಡಬೇಕು. ಎತ್ತರದ ಕೊಂಬೆಯಲ್ಲಿ ನೀಲಗಿರಿ ಕಾಡುಪಾರಿವಾಳ ಹಣ್ಣನ್ನು ಇಡಿಯಾಗಿ ನುಂಗುತ್ತಿರುತ್ತದೆ. ಅದರ ಕತ್ತಿನ ಹಿಂಭಾಗ ಚದುರಂಗದ ಹಾಸಿನಂತೆ ಕಪ್ಪು ಬಿಳುಪು. ಕೆಳಗಿನ ಪೊದೆಗಳಲ್ಲಿ ಕಪ್ಪು-ಕಿತ್ತಳೆ ನೊಣಹಿಡುಕ.

ಶರದೃತುವಿನ ವಿಶೇಷವೆಂದರೆ ವಲಸೆ ಬಂದವು. ಬೂದು ಸಿಪಿಲೆ ಉತ್ತರದ ಬೆಟ್ಟಗಳಿಂದ ಬಂದು ತೊರೆಯ ಕಲ್ಲುಗಳ ಮೇಲೆ ಬಾಲ ಕುಣಿಸುತ್ತದೆ. ಎಲೆಗಳ ನಡುವೆ ಹಸಿರು ಉಲಿಯಕ್ಕಿಗಳು ಎಡೆಬಿಡದೆ ಉಲಿಯುತ್ತವೆ. ಕಾಶ್ಮೀರದ ಕಣಿವೆಗಳಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ಶ್ರೀಲಂಕಾಕ್ಕೂ ದಕ್ಷಿಣದ ಬೆಟ್ಟಗಳಿಗೂ ಬರುವ ಕಾಶ್ಮೀರ ನೊಣಹಿಡುಕ ನೀಲಗಿರಿಯ ಕಾಡಂಚುಗಳಲ್ಲಿ ಕಂಡರೆ ಆ ದಿನದ ನಡಿಗೆ ಸಾರ್ಥಕ.

ಕಾಣದ ಹಕ್ಕಿಯನ್ನು ಹೊರಗೆಳೆಯಲು ಕೆಲವರು ಮೊಬೈಲ್‌ನಲ್ಲಿ ಅದರದೇ ಕೂಗನ್ನು ಹಾಕುತ್ತಾರೆ. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತೆಂದು ಶೋಲಕಿಳಿ ಮೇಯುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಇಷ್ಟು ಚಿಕ್ಕ ಕಾಡಿನಲ್ಲಿ ಆ ಕೆಲಸ ಬೇಡ. ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾಲುದಾರಿ ಬಿಡದೆ, ತೊರೆಯ ಬದಿಯಲ್ಲಿ ಸುಮ್ಮನೆ ನಿಲ್ಲಿ.