ಬೆಣ್ಣೆಗೂ ಅಲಾರಂ, ಚೀಸ್‌ಗೂ ಪೆಟ್ಟಿಗೆ

ನಾನು ಕೆಲಸ ಮಾಡುವ ಅಂಗಡಿಯಲ್ಲಿ ಬೆಣ್ಣೆಗೂ ಅಲಾರಂ ಇದೆ. ನಗಬೇಡಿ, ನಿಜ! ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎಂ.ಎಸ್ಸಿ. ಓದುತ್ತಾ, ವಾರಕ್ಕೆ 20 ಗಂಟೆ ಒಂದು ಸೂಪರ್ ಮಾರ್ಕೆಟ್‌ನಲ್ಲಿ ದುಡೀತೀನಿ. ಅಲ್ಲಿ ಚೀಸ್, ಮಾಂಸ ಎಲ್ಲಾ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ. ಶೆಲ್ಫಿನಲ್ಲಿರುವ ಕಾಫಿ ಡಬ್ಬಿ ಖಾಲಿ. ಬಿಲ್ ಮಾಡಿಸುವಾಗ ಕೇಳಿದರೆ ತುಂಬಿದ ಡಬ್ಬಿ ಸಿಗುತ್ತೆ. ಹೊರಗೆ ಹೋಗಲು ಬಿಲ್ ಸ್ಕ್ಯಾನ್ ಮಾಡಬೇಕು, ಆಮೇಲೇ ಗೇಟು ತೆರೆಯೋದು.

ಇಷ್ಟೆಲ್ಲಾ ಯಾಕೆ ಅಂತೀರಾ? 2024ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರು ದಾಖಲಿಸಿದ ಅಂಗಡಿ ಕಳ್ಳತನಗಳು 5,16,971. ಹಿಂದಿನ ವರ್ಷಕ್ಕಿಂತ ಶೇ. 20ರಷ್ಟು ಜಾಸ್ತಿ. ಇದು ಪೊಲೀಸರಿಗೆ ದೂರು ಹೋದ ಲೆಕ್ಕ ಮಾತ್ರ. ಬ್ರಿಟಿಷ್ ರಿಟೇಲ್ ಕನ್ಸೋರ್ಷಿಯಂ ಅನ್ನುವ ಅಂಗಡಿಕಾರರ ಸಂಘದ ಲೆಕ್ಕದಲ್ಲಿ ಒಂದೇ ವರ್ಷದಲ್ಲಿ 2 ಕೋಟಿಗೂ ಹೆಚ್ಚು ಕಳವು, 220 ಕೋಟಿ ಪೌಂಡ್ ನಷ್ಟ.

ಬೆಲೆ ಏರಿಕೆಯೇ ಕಾರಣ ಅಂತ ಎಲ್ಲರೂ ಹೇಳ್ತಾರೆ. ಸುಳ್ಳಲ್ಲ. 2023ರ ಮಾರ್ಚ್‌ನಲ್ಲಿ ಇಲ್ಲಿ ಆಹಾರದ ಹಣದುಬ್ಬರ ಶೇ. 19 ದಾಟಿತ್ತು. ಆದರೆ ಬಾಗಿಲ ಹತ್ತಿರ ನಿಂತು ನೋಡಿದರೆ ಕದಿಯುವವರಲ್ಲಿ ಮೂರು ತರಹದವರು ಕಾಣ್ತಾರೆ. ಕೈಯಲ್ಲಿ ಕಾಸಿಲ್ಲದವರು ಮೊದಲನೆಯವರು. ಮಷಿನ್ನಿನಲ್ಲಿ ತಾವೇ ಬಿಲ್ ಮಾಡುವಾಗ ಆವಕಾಡೊ ತೂಕಕ್ಕಿಟ್ಟು ಈರುಳ್ಳಿ ಅಂತ ಒತ್ತುವವರು ಎರಡನೆಯವರು. ಅವರ ಮೈಮೇಲೆ ಒಳ್ಳೇ ಕೋಟೇ ಇರುತ್ತೆ. ಮೂರನೆಯವರು ಬೇರೆಯವರ ಆರ್ಡರಿಗೆ ಕದಿಯುವ ಗುಂಪಿನವರು. ದೊಡ್ಡ ಚೀಲ ತಂದು ಒಂದಿಡೀ ಶೆಲ್ಫ್ ಗುಡಿಸಿಕೊಂಡು ಹೋಗ್ತಾರೆ.

ಹೋದ ಚಳಿಗಾಲದಲ್ಲಿ ಒಬ್ಬ ತಾಯಿ ಮಗುವಿನ ಹಾಲಿನ ಪುಡಿ ಡಬ್ಬಿಯನ್ನು ಸ್ಟ್ರಾಲರ್ ಕೆಳಗಿಟ್ಟು ಹೊರಟಳು. ತಡೆಯಬೇಡಿ, ಬರೆದಿಡಿ ಅನ್ನೋದು ನಮ್ಮಲ್ಲಿ ನಿಯಮ. ಬರೆದಿಟ್ಟೆ. ಅದೇ ವಾರ ಒಬ್ಬ ಮಾಂಸದ ಪ್ಯಾಕೆಟ್‌ಗಳನ್ನು ಚೀಲಕ್ಕೆ ತುಂಬ್ತಿದ್ದ. ನಮ್ಮ ಜೊತೆ ಕೆಲಸ ಮಾಡುವ ಅರವತ್ತರ ಹೆಂಗಸು "ಸಹಾಯ ಬೇಕಾ ಸರ್?" ಅಂದರು, ಅಷ್ಟೇ. ಅವನು ಬಾಟಲಿ ಎಸೆದ. ಗಾಜು ಸಿಡಿದು ಅವರ ಕೈ ಕುಯ್ದಿತು. ರಿಪೋರ್ಟ್ ಫಾರಂನಲ್ಲಿ ಎರಡಕ್ಕೂ ಇದ್ದದ್ದು ಒಂದೇ ಕಾಲಂ: ಕಳ್ಳತನ.

ನನಗೆ ಸಿಟ್ಟು ಬರೋದು ಅಲ್ಲೇ. ಬೀಗಕ್ಕೆ ಈ ಮೂವರಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಸುಮ್ಮನೆ ಬ್ರೆಡ್ ಕೊಳ್ಳಲು ಬಂದ ನಾಲ್ಕನೆಯವರನ್ನೂ ಅದು ಕಳ್ಳರ ಹಾಗೇ ನೋಡುತ್ತೆ.

ರಾಣೆಬೆನ್ನೂರಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಗಿರಾಕಿ ಹೊರಗೆ, ಸಾಮಾನು ಒಳಗೆ, ನಡುವೆ ಅಪ್ಪ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಅನ್ನುವ ಅಂಗಡಿ ಗಿರಾಕಿಗಳನ್ನೇ ಒಳಗೆ ಬಿಟ್ಟು 'ನೀವೇ ಆರಿಸಿಕೊಳ್ಳಿ' ಅಂದಿತು. ಅದರಿಂದ ಆಳಿನ ಖರ್ಚು ಉಳಿಯಿತು. ಆಮೇಲೆ ಬಿಲ್ ಮಾಡುವವರ ಜಾಗಕ್ಕೂ ಮಷಿನ್ ಬಂತು. ಈಗ ಆ ಉಳಿತಾಯವೇ ಬೀಗ, ಗೇಟು, ಕ್ಯಾಮೆರಾಗಳಿಗೆ ಹೋಗ್ತಿದೆ.

ಅಪ್ಪನ ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡ್ ಇದೆ. ಬೋರ್ಡಿನ ಕೆಳಗೇ ಉದ್ರಿ ಪುಸ್ತಕ ದಪ್ಪ ಆಗ್ತಾನೇ ಇರುತ್ತೆ. ಹಾಲಿನ ಪುಡಿಯ ಕತೆ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ಆಕಿಗೆ ಉದ್ರಿ ಕೊಡಾವ್ರು ಯಾರೂ ಇಲ್ಲೇನವ್ವಾ ಅಲ್ಲಿ?"

ಇಲ್ಲ. ಫುಡ್ ಬ್ಯಾಂಕ್ ಇದೆ, ಆದರೆ ಅದಕ್ಕೆ ಚೀಟಿ ಬೇಕು, ನಿಗದಿ ದಿನ ಬೇಕು. ಹಾಗಂತ ಅಪ್ಪನ ಉದ್ರಿ ಪುಸ್ತಕ ಬಾಟಲಿ ಎಸೆದವನನ್ನು ತಡೆಯೋದೂ ಇಲ್ಲ. ಅವನಿಗೆ ಪೊಲೀಸರೇ ಬೇಕು. 200 ಪೌಂಡ್‌ಗಿಂತ ಕಡಿಮೆ ಬೆಲೆಯ ಕಳವನ್ನು 2014ರ ಕಾನೂನು ಸಣ್ಣ ಅಪರಾಧಗಳ ಸಾಲಿಗೆ ಸೇರಿಸಿತ್ತು. ಅದರಿಂದ ಕಳ್ಳರಿಗೆ ಧೈರ್ಯ ಬಂತು ಅನ್ನೋದು ಅಂಗಡಿಯವರ ದೂರು. ಆ ಮಿತಿ ತೆಗೆಯುವ ಮಸೂದೆಯನ್ನು ಸರ್ಕಾರ 2025ರಲ್ಲಿ ಸಂಸತ್ತಿಗೆ ತಂದಿತು.

ಇನ್ನು ಈರುಳ್ಳಿ ಒತ್ತುವವರು? ಅವರಿಗೆ ಮದ್ದು ಎದುರಿಗೊಬ್ಬ ಮನುಷ್ಯ ಇರೋದು. ಕಣ್ಣಲ್ಲಿ ಕಣ್ಣಿಟ್ಟು "ಹಲೋ" ಅಂದವರ ಮುಂದೆ ಆವಕಾಡೊವನ್ನು ಈರುಳ್ಳಿ ಮಾಡೋದು ಕಷ್ಟ. ಉತ್ತರ ಇಂಗ್ಲೆಂಡಿನ ಬೂತ್ಸ್ ಅನ್ನುವ ಅಂಗಡಿ ಸರಣಿ, ಗಿರಾಕಿಗಳಿಗೆ ಇಷ್ಟವಾಗ್ತಿಲ್ಲ ಅಂತ 2023ರಲ್ಲಿ ತನ್ನ 28 ಅಂಗಡಿಗಳ ಪೈಕಿ ಎರಡನ್ನು ಬಿಟ್ಟು ಉಳಿದೆಲ್ಲ ಕಡೆ ಸ್ವಯಂ ಬಿಲ್ಲಿಂಗ್ ಮಷಿನ್ ತೆಗೆಯಲು ಹೊರಟಿತು. ಕಳ್ಳತನದ ಮಾತನ್ನು ಅವರು ಎತ್ತಲಿಲ್ಲ. ಆದರೂ ನನಗೆ ಅದು ಸರಿಯಾದ ದಾರಿ ಅನ್ನಿಸ್ತು.

ನಮ್ಮ ಬೆಂಗಳೂರು, ಹುಬ್ಬಳ್ಳಿ ಮಾಲ್‌ಗಳಲ್ಲೂ ಬಾಗಿಲಲ್ಲಿ ಸೆಕ್ಯುರಿಟಿ ಅಣ್ಣ ಬಿಲ್ಲಿಗೆ ಗೀಟು ಹಾಕಿ ಕಳಿಸ್ತಾರಲ್ವಾ? ಮುಂದಿನ ಸಲ ಅವರ ಮೇಲೆ ಸಿಡುಕಬೇಡಿ. ಕಳವು ಆದರೆ ಮೊದಲು ಬೈಸಿಕೊಳ್ಳೋದು, ಗಲಾಟೆ ಆದರೆ ಮೊದಲು ಪೆಟ್ಟು ತಿನ್ನೋದು ಅವರೇ.

ಗಾಯ ಆದ ನಮ್ಮ ಸಹೋದ್ಯೋಗಿ ಮೂರು ವಾರದ ನಂತರ ಕೆಲಸಕ್ಕೆ ಬಂದರು. ಈಗ ಹಿಂದಿನ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚುತ್ತಾರೆ. ಗಿರಾಕಿಗಳ ಎದುರು ಬರೋದಕ್ಕೆ ಅವರಿಗೆ ಇನ್ನೂ ಧೈರ್ಯ ಬಂದಿಲ್ಲ.