ಕೂಳೂರಿನಲ್ಲಿ ಎಂಟು ದಿನ

ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿರುವ ನನ್ನ ತಂಗಿ ಕಳೆದ ಆಷಾಢದಲ್ಲಿ ನನಗೊಂದು ಕಾರ್ಯವನ್ನು ಒಪ್ಪಿಸಿದಳು. ಅವಳ ಮಗಳು ಏಳು ವರ್ಷಗಳಿಂದ ಮಂಗಳೂರಿನ ಕಡೆ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. “ಅಣ್ಣಾ, ನನಗ ಮೊಣಕಾಲು ಹಿಡದಾವ. ಆಕಿಗೆ ತಿಳಿಸಿ ಹೇಳು, ವರ್ಗಾವಣೆ ಮಾಡಿಸಿಕೊಂಡು ಊರಿಗೆ ಬರಲಿ” ಎಂದಳು. ಆ ಮಾತನ್ನು ಹೊತ್ತು ನಾನು ಕೂಳೂರಿಗೆ ಹೊರಟೆ.

ಕೂಳೂರು ಮಂಗಳೂರು ನಗರದ ಉತ್ತರಕ್ಕಿದೆ. ಫಲ್ಗುಣಿ ಎಂದೂ ಕರೆಯುವ ಗುರುಪುರ ಹೊಳೆಯ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಸೇತುವೆ ದಾಟುತ್ತದೆ. ಹೊಳೆ ನೇರವಾಗಿ ಕಡಲನ್ನು ಸೇರದೆ, ದಂಡೆಗುಂಟ ದಕ್ಷಿಣಕ್ಕೆ ಸಾಗಿ ನೇತ್ರಾವತಿಯ ಅಳಿವೆಯಲ್ಲಿ ಒಂದಾಗುತ್ತದೆ. ಸಮೀಪದ ಪಣಂಬೂರಿನಲ್ಲಿ 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರಿದೆ. ಹಗಲಿರುಳೂ ಲಾರಿಗಳ ಸಾಲು. ನಮ್ಮ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆಗೆ ಐದಾರು ಪಟ್ಟು ಮಳೆ ಇಲ್ಲಿ ಸುರಿಯುತ್ತದೆ. ನಾನಿದ್ದ ಎಂಟು ದಿನಗಳಲ್ಲಿ ನನ್ನ ಧೋತರ ಒಂದು ದಿನವೂ ಪೂರ್ತಿ ಒಣಗಲಿಲ್ಲ.

ಸೊಸೆಯ ದಿನಚರಿ ನಸುಕಿನಲ್ಲಿ ಆರಂಭವಾಗುತ್ತದೆ. ಊರಿನಿಂದ ತಂದ ಜೋಳದ ಹಿಟ್ಟನ್ನು ವಾರಕ್ಕೆರಡು ಬಾರಿ ಮಾತ್ರ ಮುಟ್ಟುತ್ತಾಳೆ; ಉಳಿದ ದಿನ ಕುಚ್ಚಲಕ್ಕಿಯ ಗಂಜಿ. ನೆರೆಮನೆಯ ತಾಯಿ ಮೀನಿನೂರಿನವರು. ಆದರೆ ನಮ್ಮ ಮನೆಗೆ ಬರುವ ತಟ್ಟೆಯಲ್ಲಿ ಪತ್ರೊಡೆಯೋ ತೆಂಗಿನಕಾಯಿಯೋ ಇರುತ್ತದೆ. ಯಾರೂ ಹೇಳದೆಯೇ ಅರಿತುಕೊಂಡಿದ್ದಾರೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಇವಳು ಹೇಳುವ ಪಾಠವೂ ಅದೇ. “ಮಾಮಾ, ಮೊದಲನೇ ವರ್ಷ ಬೆಕ್ಕಿನ ಚಿತ್ರ ತೋರಿಸಿ ‘ಕ್ಯಾಟ್’ ಅಂದೆ. ತಿಳೀಲಿಲ್ಲ. ‘ಬೆಕ್ಕು’ ಅಂದರೂ ಕೆಲವು ಸಣ್ಣವು ಸುಮ್ಮನ ನೋಡಿದವು. ಹಿಂದಿನ ಸಾಲಿನ ಹುಡುಗಿ ‘ಪುಚ್ಚೆ’ ಅಂದಳು ನೋಡ್ರಿ, ಎಲ್ಲಾ ಮಕ್ಕಳು ನಕ್ಕವು. ಅವತ್ತ ತುಳು ಕಲೀಬೇಕು ಅಂತ ತಿಳೀತು.” ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡುವ ಮಕ್ಕಳಿಗೆ ಇಂಗ್ಲಿಷ್ ಮಾತ್ರವಲ್ಲ, ನಮ್ಮ ಬಯಲುಸೀಮೆಯ ಕನ್ನಡವೂ ಹೊಸದೇ. ಇವಳ “ಹೌದ್ರಿ”ಯನ್ನು ಅಣಕಿಸುತ್ತಿದ್ದ ಮಕ್ಕಳೇ ಈಗ ದಾರಿಯಲ್ಲಿ ಕಂಡರೆ “ಟೀಚರ್, ಬರ್ಸ ಬರ್ಪುಂಡು” ಎಂದು ಮಳೆಯ ಎಚ್ಚರಿಕೆ ಕೊಟ್ಟು ಓಡುತ್ತವೆ.

ದೂರದ ಕೊರಿಯಾ ದೇಶ 1995ರಿಂದ ಪರದೇಶದವರನ್ನು ಕರೆಸಿ ತನ್ನ ಶಾಲಾಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತ ಬಂದಿದೆ. ನಮ್ಮಲ್ಲಿ ಪರಕೀಯರಾಗಲು ಅಷ್ಟು ದೂರ ಹೋಗಬೇಕಿಲ್ಲ; ಘಟ್ಟವಿಳಿದರೆ ಸಾಕು. ಮಂಗಳೂರಿಗಂತೂ ಇದು ಹಳೆಯ ಪರಿಪಾಠ. ಜರ್ಮನಿಯ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪರವಾಗಿ 1836ರಲ್ಲಿ ಇಲ್ಲಿಗೆ ಬಂದು ಮಕ್ಕಳಿಗೆ ಪಾಠ ಹೇಳಿದರು. ಸ್ವಮತ ಪ್ರಸಾರವೇ ಅವರ ಉದ್ದೇಶವಾಗಿತ್ತೆಂಬುದು ನಿಜ. ಆದರೂ ಕಲಿಸಲು ಬಂದವರು ಮೊದಲು ಕಲಿತರು. 1843ರಲ್ಲಿ ‘ಮಂಗಳೂರು ಸಮಾಚಾರ’ವೆಂಬ ಪ್ರಥಮ ಕನ್ನಡ ಪತ್ರಿಕೆಯನ್ನು ಹೊರಡಿಸಿದರು, 1848ರಿಂದ ಪ್ರಕಟಿಸಿದ ಗ್ರಂಥಮಾಲೆಯಲ್ಲಿ ನಮ್ಮ ಬಸವಪುರಾಣ, ಚೆನ್ನಬಸವಪುರಾಣಗಳನ್ನು ಸೇರಿಸಿದರು. ಅದೇ ಮಿಷನ್ನಿನ ಮ್ಯಾನರ್ 1886ರಲ್ಲಿ ತುಳು ನಿಘಂಟನ್ನು ಹೊರತಂದರು. ಮಠದಲ್ಲಿ ಓದುವಾಗ ಈ ಸಂಗತಿಗಳನ್ನು ಕೇಳಿದ್ದೆ; ಸೊಸೆಯ ಮೇಜಿನ ಮೇಲೆ ತುಳು ಶಬ್ದಗಳನ್ನು ಬರೆದಿಟ್ಟ ನೋಟುಪುಸ್ತಕ ಕಂಡಾಗ ಅವು ನೆನಪಾದವು.

ಏಳನೆಯ ದಿನ ಮಳೆಯ ಕಾರಣ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿದ್ದರು. ಆಗ ತಂಗಿಯ ಮಾತನ್ನು ತಿಳಿಸಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅವ್ವನ ನೆನಪಾಗದ ದಿನಾನೇ ಇಲ್ಲ ಮಾಮಾ. ಅರ್ಜಿ ಹಾಕ್ತೀನಿ. ಆದರ ಒಂದನೇತ್ತೆಯವು ಈಗ ಓದಾಕ ಹತ್ಯಾವ. ಈ ವರ್ಷ ಮುಗೀಲಿ. ಅಲ್ಲೀತನಕ ಅವ್ವನ್ನ ಇಲ್ಲಿಗೇ ಕಳಸ್ರಿ” ಎಂದಳು. ಕರೆತರಬೇಕೆಂದು ಹೋದ ನನಗೆ ಮರುಮಾತು ತೋಚಲಿಲ್ಲ.

ಊರಿಗೆ ಮರಳಿ ಎಲ್ಲವನ್ನೂ ಅರುಹಿದೆ. ತಂಗಿ ಮೊದಲು ಕಣ್ಣೀರು ತೆಗೆದಳು, ಆಮೇಲೆ, “ಮಳಿ ನಿಂತ ಮ್ಯಾಲೆ ಹೋಗತೀನಿ. ಅಲ್ಲಿ ಜೋಳದ ಹಿಟ್ಟು ಸಿಗತೈತೇನು?” ಎಂದು ಕೇಳಿದಳು.

ಮಕ್ಕಳನ್ನು ಪರಸ್ಥಳದ ಶಾಲೆಗಳಿಗೆ ಕಳಿಸಿರುವ ಬಂಧುಗಳಲ್ಲಿ ನನ್ನದೊಂದು ವಿನಂತಿ: “ಯಾವಾಗ ಬರುತ್ತೀ?” ಎಂದು ಕೇಳುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿ, ಅವರು ಬಾಳುವ ಬಗೆಯನ್ನು ಕಣ್ಣಾರೆ ಕಂಡು ಬನ್ನಿರಿ.