ಕೊಯ್ದ ಬೆರಳು

ಮೊನ್ನೆ ಭಾನುವಾರ ಬದನೆಕಾಯಿ ಹೆಚ್ಚಿಕೊಡುತ್ತೇನೆಂದು ಈಳಿಗೆಮಣೆಯ ಮುಂದೆ ಕುಳಿತವನು ತರಕಾರಿಯ ಜೊತೆಗೆ ನನ್ನ ಎಡಗೈ ತೋರುಬೆರಳನ್ನೂ ಈಳಿಗೆಗೆ ಒಪ್ಪಿಸಿಬಿಟ್ಟೆ. ನನ್ನಾಕೆ "ನಿಮಗ್ಯಾಕೆ ಬೇಕಿತ್ತು ಈ ಕೆಲಸ?" ಎನ್ನುತ್ತ ಅರಿಸಿನದ ಡಬ್ಬಿ ಹುಡುಕತೊಡಗಿದಳು. ಅಷ್ಟರಲ್ಲಿ ಅವಳ ತಮ್ಮ ನಡುಮನೆಯಿಂದ ಓಡಿಬಂದು, ನನ್ನ ಕೈಯನ್ನು ಮೇಲಕ್ಕೆತ್ತಿ ಹಿಡಿದು, ಶುಭ್ರವಾದ ಬಟ್ಟೆ ಬಿಗಿದ. ನನ್ನ ಬೆರಳಿಗೆ ಇಷ್ಟೊಂದು ಬೆಲೆಯುಂಟೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

"ಬೆರಳು ಅಂದರೆ ನಮಗೆ ತಮಾಷೆಯಲ್ಲ ಭಾವ," ಎಂದ.

ಅವನಿಗೆ ಅರಬ್ಬೀ ಸಮುದ್ರದ ನಡುವೆ ಕೆಲಸ. ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ದೂರದಲ್ಲಿ, ಎಣ್ಣೆಬಾವಿಗಳ ಮೇಲೆ. 14 ದಿನ ಅಲ್ಲಿ, 14 ದಿನ ಮನೆಯಲ್ಲಿ. ಆ ಜಾಗಕ್ಕೆ ಪ್ಲಾಟ್‌ಫಾರಂ ಎನ್ನುತ್ತಾರೆ. ಕನ್ನಡದ ಮೇಷ್ಟರಾದ ನನಗೆ ಆ ಮಾತು ಕಿವಿಗೆ ಬಿದ್ದೊಡನೆ ಇನ್ನೇನು ರೈಲು ಬರಬೇಕು ಅನ್ನಿಸುತ್ತದೆ. ಹೊಲದಲ್ಲಿ ಹಂದಿ ಕಾಯಲು ಕಟ್ಟುವ ಅಟ್ಟಣೆಯೇ ಅದಕ್ಕೆ ಒಪ್ಪುವ ಹೆಸರು. ಆದರೆ ಈ ಅಟ್ಟಣೆಯಲ್ಲಿ ಮಲಗುವ ಕೋಣೆ, ಊಟದ ಮನೆ, ಕಡಲ ತಳದಿಂದ ಎಣ್ಣೆಯನ್ನೂ ಅನಿಲವನ್ನೂ ಹೊತ್ತು ಮೇಲೇರುವ ಕೊಳವೆಗಳು, ಎಲ್ಲಕ್ಕೂ ಒಂದೇ ನೆರೆಹೊರೆ.

ಬೆರಳಿನ ಕಥೆಯನ್ನು ಅವನು ಕೆಲಸಕ್ಕೆ ಸೇರುವಾಗ ತರಬೇತಿಯಲ್ಲಿ ಕೇಳಿದ್ದನಂತೆ. ಅದು 2005ರ ಜುಲೈ 27. ಹಿಂದಿನ ದಿನವಷ್ಟೇ ಮುಂಬಯಿಯನ್ನು ಮಹಾಮಳೆ ಮುಳುಗಿಸಿತ್ತು. ಬಾಂಬೆ ಹೈ ನಾರ್ತ್ ಎಂಬ ಅಟ್ಟಣೆಯ ಸಮೀಪದಲ್ಲಿದ್ದ ಹಡಗೊಂದರ ಅಡಿಗೆಯವನು ಬೆರಳ ತುದಿಗಳನ್ನು ಕತ್ತರಿಸಿಕೊಂಡ. ಹೆಲಿಕಾಪ್ಟರು ಬರುವಂತಿರಲಿಲ್ಲ. ಅವನನ್ನು ಅಟ್ಟಣೆಗೆ ದಾಟಿಸಲು ಹಡಗು ಹತ್ತಿರ ಬಂತು. ಕ್ರೇನಿನ ಬುಟ್ಟಿಯಲ್ಲಿ ಅವನನ್ನು ಮೇಲೆತ್ತಿಕೊಂಡದ್ದೂ ಆಯಿತು. ಆಗ ಎದ್ದ ಅಲೆಗೆ ಹಡಗು ಮೇಲೆದ್ದು, ಅದರ ಹಿಂಬದಿಯ ಹೆಲಿಕಾಪ್ಟರು ಕಟ್ಟೆ ಅನಿಲದ ಕೊಳವೆಗೆ ಬಡಿಯಿತು. ಹಡಗಿನ ಹೆಸರು 'ಸಮುದ್ರ ಸುರಕ್ಷಾ'. ಹೆಸರಿನ ವಿಚಾರ ನಾನೇನೂ ಹೇಳುವುದಿಲ್ಲ.

ಸೋರಿದ ಅನಿಲಕ್ಕೆ ಬೆಂಕಿ ಹತ್ತಿತು. ಅಟ್ಟಣೆಯ ಮೇಲಿನ ಬಾಗಿಲು ಮುಚ್ಚಿದರೂ ಕಡಲಡಿಯ ಉದ್ದನೆಯ ಕೊಳವೆಯಲ್ಲಿ ಮೊದಲೇ ತುಂಬಿಕೊಂಡಿರುವ ಅನಿಲ ಉರಿದು ತೀರಬೇಕಲ್ಲ! ಎಂಟು ಜೀವರಕ್ಷಕ ದೋಣಿಗಳಲ್ಲಿ ನೀರಿಗಿಳಿಸಲಾದದ್ದು ಎರಡನ್ನು ಮಾತ್ರ. ಎರಡು ಗಂಟೆಗಳೊಳಗೆ ಅಟ್ಟಣೆ ಕುಸಿದು ಸಮುದ್ರಪಾಲಾಯಿತು. 384 ಜನರಲ್ಲಿ 362 ಮಂದಿ ಬದುಕಿ ಬಂದರು, 22 ಮಂದಿ ಬರಲಿಲ್ಲ. ಹಡಗಿಗೂ ಬೆಂಕಿ ತಗುಲಿತು. ಅದರೊಳಗೆ ಒತ್ತಡದ ಕೋಣೆಯಲ್ಲಿ ಆರು ಮಂದಿ ಮುಳುಗುಗಾರರಿದ್ದರು. ಆಳದ ಒತ್ತಡಕ್ಕೆ ಒಗ್ಗಿದ ದೇಹ ಅದು. ತಟ್ಟನೆ ಬಾಗಿಲು ತೆರೆದರೆ ತೆರೆದದ್ದೇ ಸಾವು. ಉಳಿದವರು ಹಡಗು ಬಿಟ್ಟು ಹೋದರು, ಇವರು ಒಳಗೇ ಉಳಿದರು. 36 ಗಂಟೆಗಳ ಮೇಲೆ ಅವರನ್ನು ಜೀವಸಹಿತ ಹೊರತಂದರಂತೆ. ಆ 36 ಗಂಟೆ ಅವರು ಏನು ಮಾತಾಡಿಕೊಂಡಿರಬಹುದೆಂದು ಯೋಚಿಸಿದರೆ ಈಗಲೂ ನನಗೆ ನಿದ್ದೆ ಹತ್ತುವುದಿಲ್ಲ.

"ಒಳ್ಳೆಯದು ಮಾಡಲು ಹೋಗಿ ಹೀಗಾಯಿತು. ವಿಧಿ!" ಎಂದೆ. ತರಗತಿಯಲ್ಲಿ ಹೇಳಿ ಹೇಳಿ ನಾಲಗೆಗೆ ರೂಢಿಯಾದ ಮಾತು.

ಅವನಿಗೆ ಸಿಟ್ಟು ಬಂತು. "ಏನು ವಿಧಿ ಭಾವ? ಕೆಲವು ಕೊಳವೆಗಳು ಅಟ್ಟಣೆಯ ಕಾಲುಗಳ ಹೊರಗೇ ಇದ್ದವು. ಅವಕ್ಕೆ ಕಾವಲುಕಟ್ಟು ಹಾಕಿದ್ದರು, ಸಣ್ಣ ಹಡಗುಗಳ ಅಳತೆಗೆ. ಬಂದದ್ದು ದೊಡ್ಡ ಹಡಗು. ವಿಧಿ ಅಂದುಕೊಂಡರೆ ನಾನು ಅಲ್ಲಿ ರಾತ್ರಿ ಮಲಗುವುದು ಹೇಗೆ?"

ನಾನು ಉತ್ತರ ಕೊಡಲಿಲ್ಲ. ಬೆರಳು ಮಿಡಿಯುತ್ತಿತ್ತು.

ಮರುದಿನ ಅವನು ಹೊರಟ. ನಮ್ಮ ಅತ್ತೆಯವರ ಲೆಕ್ಕದಲ್ಲಿ ಅವನಿಗೆ ಮುಂಬಯಿಯಲ್ಲಿ ಆಫೀಸಿನ ಕೆಲಸ, ನಾವಾರೂ ತಿದ್ದಿಲ್ಲ. ಚಕ್ಕುಲಿಯ ಡಬ್ಬಿಯನ್ನು ಚೀಲಕ್ಕೆ ತುರುಕುತ್ತ ಅವರು ಕೇಳಿದರು:

"ಅಲ್ಲಿ ಅಡಿಗೆಯವನು ಚೆನ್ನಾಗಿ ಮಾಡಿಹಾಕುತ್ತಾನೇನೋ?"

ಅವನು ಒಮ್ಮೆ ನನ್ನ ಬೆರಳಿನ ಕಡೆ ನೋಡಿದ.

"ಚೆನ್ನಾಗಿ ಮಾಡುತ್ತಾನಮ್ಮ," ಎಂದು ಚೀಲ ಎತ್ತಿಕೊಂಡ.